ವಿಜ್ಞಾನದ ಸುದ್ದಿ ಬರೆಯೋದು ಹೇಗೆ: ಪೇಪರ್ ಹುಡುಕೋದ್ರಿಂದ ಹೆಡ್‌ಲೈನ್ ತನಕ

ಹೋದ ಮಳೆಗಾಲದಿಂದ ಈಚೆಗೆ ನನ್ನ ಹತ್ರ ತಿದ್ದೋಕೆ ಅಂತ ಬಂದ ವಿಜ್ಞಾನದ ಸುದ್ದಿಗಳು ಸುಮಾರಿವೆ. ಸಾಗರ, ತೀರ್ಥಹಳ್ಳಿ, ಸೊರಬದ ಕಡೆ ಹುಡುಗ್ರು ಹುಡುಗೀರೇ ಜಾಸ್ತಿ, ಭಾಷೆ ಚೆನ್ನಾಗಿದೆ, ಆಸಕ್ತಿ ಇದೆ, ಆದ್ರೂ ಎಲ್ಲಾರೂ ಬೀಳೋದು ಅದೇ ಗುಂಡಿಗೆ. ಪ್ರೆಸ್‌ನೋಟ್ ಕೈಗೆ ಸಿಕ್ಕಿದ ಕೂಡ್ಲೇ ಬರೆಯೋಕೆ ಕೂತುಬಿಡ್ತಾರೆ. ಯಾರು ಏನನ್ನ ಅಳೆದ್ರು, ಯಾವುದರ ಮೇಲೆ ಅಳೆದ್ರು ಅಂತ ಗೊತ್ತಾಗೋದ್ರೊಳಗೆ ಇಂಟ್ರೋ (ಸುದ್ದಿಯ ಮೊದಲ ಪ್ಯಾರಾ) ರೆಡಿ ಇರುತ್ತೆ, ಆಮೇಲೆ ಪೇಪರ್, ಅಂದ್ರೆ ವಿಜ್ಞಾನಿಗಳು ಬರೆದ ಸಂಶೋಧನಾ ಲೇಖನ, ತೆಗೆದ್ರೂ ಆ ಇಂಟ್ರೋಗೆ ಹೊಂದೋದಷ್ಟೇ ಕಣ್ಣಿಗೆ ಬೀಳುತ್ತೆ.

ಹಾಗಾಗಿ ಇಲ್ಲಿ ಹಂತಗಳನ್ನ ಹಿಂದೆ ಮುಂದೆ ಮಾಡಬೇಡಿ ಮಾರಾಯ್ರೇ. ಬರೆಯೋದು ಆರನೇ ಹಂತ.

ಮೊದಲು ಏನೇನು ಇಟ್ಕೊಂಡಿರಬೇಕು

ಒಂದು ನೋಟ್‌ಬುಕ್, ಕೆಂಪು ಪೆನ್ನು, ಕ್ಯಾಲ್ಕುಲೇಟರ್, ಕಾಲ್ ರೆಕಾರ್ಡ್ ಮಾಡೋಕೆ ವ್ಯವಸ್ಥೆ (ಕೇಳಿ, ಒಪ್ಪಿದ ಮೇಲೇ ರೆಕಾರ್ಡ್ ಮಾಡಿ). ಪೇಪರ್‌ನ ಪಿಡಿಎಫ್ ಡೌನ್‌ಲೋಡ್ ಮಾಡಿ, ಸಾಧ್ಯ ಆದ್ರೆ ಪ್ರಿಂಟ್ ತೆಗೆಸಿ, ನಮ್ಮ ಕಡೆ ಜುಲೈ ತಿಂಗಳಲ್ಲಿ ಕರೆಂಟು ನೆಟ್‌ವರ್ಕು ಎರಡೂ ಮಾತಾಡಿಕೊಂಡವರ ಹಾಗೆ ಒಟ್ಟಿಗೇ ಹೋಗ್ತವೆ. ಮೊದಲ ಸಲ ಬರೆಯೋರಿಗೆ ಎರಡು ದಿನ ಬೇಕು. ಸಂಜೆ ಆರಕ್ಕೆ ಬಂದಿದ್ದನ್ನ ಎಂಟಕ್ಕೆ ಕೊಡು ಅಂದ್ರೆ, ನಾಳೆ ಕೊಡ್ತೀನಿ ಅನ್ನೋ ಧೈರ್ಯ ಕೂಡ ಸಾಮಾನಿನ ಪಟ್ಟಿಯಲ್ಲೇ ಇರಲಿ.

ಹಂತ 1: ಮೂಲ ಪೇಪರ್ ಕೈಗೆ ತಗೊಳ್ಳಿ

ಪ್ರೆಸ್‌ನೋಟ್ ಬರೆದಿರೋದು ಆ ಸಂಸ್ಥೆಯ ಪ್ರಚಾರ ವಿಭಾಗ, ಅದರ ಕೆಲಸ ಸಂಸ್ಥೆಯನ್ನ ಚೆನ್ನಾಗಿ ಕಾಣಿಸೋದು, ಅದನ್ನ ತಪ್ಪು ಅನ್ನೋಕಾಗಲ್ಲ. ಆದ್ರೆ ನಿಮ್ಮ ಕೆಲಸ ಬೇರೆ. ನೋಟ್‌ನ ಕೆಳಗಡೆ ಸಾಮಾನ್ಯವಾಗಿ ಡಿಒಐ ಅಂತ ಒಂದು ನಂಬರ್ ಇರುತ್ತೆ, 10 ರಿಂದ ಶುರು ಆಗುತ್ತೆ, ಅದನ್ನ ಹಾಕಿ ಹುಡುಕಿದ್ರೆ ನೇರ ಪೇಪರ್ ಪುಟಕ್ಕೆ ಹೋಗ್ತೀರ. ದುಡ್ಡು ಕೇಳ್ತಾ ಇದ್ರೆ ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಹಾಕಿ ಬೇರೆ ಪ್ರತಿಗಳು ಇದ್ಯಾ ನೋಡಿ, ಇಲ್ಲಾಂದ್ರೆ ಪೇಪರ್‌ನಲ್ಲಿ ಇಮೇಲ್ ಕೊಟ್ಟಿರೋ ಲೇಖಕರಿಗೆ ಎರಡು ಸಾಲಿನ ಮೇಲ್ ಹಾಕಿ. ಹೆಚ್ಚಿನವರು ಖುಷಿಯಿಂದ ಪಿಡಿಎಫ್ ಕಳಿಸ್ತಾರೆ, ನಾವು ಕೇಳೋದೇ ಇಲ್ಲ ಅಷ್ಟೇ.

ಪೇಪರ್ ಸಿಕ್ಕಿದ ಮೇಲೆ ಓದೋ ಮುಂಚೆ ಎರಡು ವಿಷಯ ನೋಡಿ. ಇದು ಜರ್ನಲ್‌ನಲ್ಲಿ (ಸಂಶೋಧನಾ ಪತ್ರಿಕೆ) ಬಂದಿದ್ಯಾ ಅಥವಾ ಪ್ರಿಪ್ರಿಂಟಾ? ಬಯೋಆರ್ಕೈವ್, ಮೆಡ್‌ಆರ್ಕೈವ್ ಥರದ ಪ್ರಿಪ್ರಿಂಟ್ ವೆಬ್‌ಸೈಟಲ್ಲಿ ಹಾಕಿರೋದನ್ನ ಬೇರೆ ವಿಜ್ಞಾನಿಗಳು ಇನ್ನೂ ಪರಿಶೀಲನೆ ಮಾಡಿರಲ್ಲ, ಆ ಸುದ್ದಿ ಬರೆಯಲೇಬಾರದು ಅಂತಿಲ್ಲ, ಆದ್ರೆ ಆ ಮಾತು ಸುದ್ದಿಯ ಮೊದಲ ಮೂರು ಪ್ಯಾರಾದೊಳಗೆ ಬರಬೇಕು. ಎರಡನೇದು, ವಾಪಸ್ ತಗೊಂಡ ಪೇಪರ್ ಅಲ್ಲ ತಾನೇ? ಜರ್ನಲ್ ಪುಟದಲ್ಲೇ ರಿಟ್ರಾಕ್ಟೆಡ್ ಅಂತ ಹಾಕಿರ್ತಾರೆ. 2010ರಲ್ಲಿ ಸೈನ್ಸ್ ಜರ್ನಲ್‌ನಲ್ಲಿ ರಂಜಕದ ಬದಲು ಆರ್ಸೆನಿಕ್ ಬಳಸಿ ಬದುಕೋ ಬ್ಯಾಕ್ಟೀರಿಯಾ ಸಿಕ್ತು ಅಂತ ಬಂದ ಪೇಪರ್ ಪ್ರಪಂಚ ಪೂರ್ತಿ ಸುದ್ದಿ ಆಗಿತ್ತು, ಆ ಜರ್ನಲ್ಲೇ ಅದನ್ನ ವಾಪಸ್ ತಗೊಂಡಿದ್ದು 2025ರಲ್ಲಿ. ಈಗಲೂ ಯಾರಾದ್ರೂ ಅದನ್ನ ಲೇಖನದಲ್ಲಿ ತಂದು ಹಾಕೋ ಚಾನ್ಸ್ ಇದೆ.

ಹಂತ 2: ಪೇಪರ್ ಓದೋ ಆರ್ಡರ್

ಮೊದಲ ಪುಟದಿಂದ ಕೊನೆ ಪುಟಕ್ಕೆ ಓದಬೇಡಿ, ಕಾದಂಬರಿ ಅಲ್ಲ ಅದು. ಶುರುವಿನ ಸಾರಾಂಶ ಒಂದು ಸಲ ಓದಿ, ಅಲ್ಲಿಂದ ಸೀದಾ ಟೇಬಲ್ಲು ಚಿತ್ರಗಳಿಗೆ ಹೋಗಿ, ಆಮೇಲೆ ವಿಧಾನದ ಭಾಗ, ಆಮೇಲೆ ಚರ್ಚೆಯ ಕೊನೆ ಎರಡು ಪ್ಯಾರಾ. ನಮ್ಮ ಅಧ್ಯಯನದ ಮಿತಿಗಳು ಅಂತ ವಿಜ್ಞಾನಿಗಳೇ ಹೆಚ್ಚಾಗಿ ಅಲ್ಲಿ ಬರೆದಿರ್ತಾರೆ. ಕಡೆಗೆ ದುಡ್ಡು ಯಾರು ಕೊಟ್ಟಿದ್ದು ಅನ್ನೋ ಸಾಲು. ಪೀಠಿಕೆ ಎಲ್ಲಕ್ಕಿಂತ ಕೊನೆಗೆ ಓದಿ, ಇಲ್ಲಾಂದ್ರೆ ಪೀಠಿಕೆಯಲ್ಲಿರೋ ಹಳೇ ಸಂಶೋಧನೆಯನ್ನೇ ಹೊಸದು ಅಂತ ಬರೆದುಬಿಡ್ತೀರ. ಇದು ನಾನು ಕೈಯಾರೆ ತಿದ್ದಿರೋ ತಪ್ಪು, ಎರಡು ಸಲ.

ನಮ್ಮ ಕಾಡಿನದೇ ಉದಾಹರಣೆ ತಗೊಳ್ಳೋಣ. 2024ರಲ್ಲಿ ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿಯಲ್ಲಿ ಕಾಳಿಂಗ ಸರ್ಪದ ಬಗ್ಗೆ ಒಂದು ಪೇಪರ್ ಬಂತು, ಒಂದೇ ಪ್ರಭೇದ ಅಂದುಕೊಂಡಿದ್ದು ನಾಲ್ಕು ಅಂತ, ಪಶ್ಚಿಮ ಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಅಂತ ಕನ್ನಡದ ಹೆಸರನ್ನೇ ಇಟ್ರು. ಸಾರಾಂಶ ಓದಿ ಬಿಟ್ಟವರು ಬರೆಯೋದು "ಆಗುಂಬೆಯಲ್ಲಿ ಹೊಸ ಹಾವು ಪತ್ತೆ" ಅಂತ. ವಿಧಾನದ ಭಾಗಕ್ಕೆ ಹೋದ್ರೆ ಗೊತ್ತಾಗುತ್ತೆ, ಯಾರೂ ಕಾಡಲ್ಲಿ ಹೊಸದಾಗಿ ಹಾವು ಹಿಡಿದು ಕುಣಿದಿಲ್ಲ, ಮ್ಯೂಸಿಯಂಗಳಲ್ಲಿ ಇಟ್ಟಿರೋ ಹಾವುಗಳ ಮೈಪಟ್ಟೆ, ದೇಹ ರಚನೆ ಹೋಲಿಸಿದ್ದಾರೆ. ನಾಲ್ಕು ಬೇರೆ ಬೇರೆ ವಂಶಗಳಿವೆ ಅಂತ ಡಿಎನ್‌ಎ ಆಧಾರದ ಮೇಲೆ 2021ರಲ್ಲೇ ಇನ್ನೊಂದು ಪೇಪರ್ ಬಂದಿತ್ತು. ಅಂದ್ರೆ ಹಾವು ಅಲ್ಲೇ ಇತ್ತು, ನಮ್ಮ ಅಜ್ಜನೂ ನೋಡಿದ್ದ, ಬದಲಾಗಿದ್ದು ಹೆಸರು ಮತ್ತೆ ಲೆಕ್ಕ.

ಹಂತ 3: ಒಂದು ಸಾಲು ತುಂಬಿಸಿ

ನೋಟ್‌ಬುಕ್‌ನಲ್ಲಿ ಈ ಸಾಲು ಬರ್ಕೊಳ್ಳಿ: ಯಾರು, ಯಾವುದರ ಮೇಲೆ, ಎಷ್ಟರ ಮೇಲೆ, ಏನನ್ನ ಅಳೆದ್ರು, ಏನು ಕಂಡ್ರು, ಯಾವುದು ಇನ್ನೂ ಗೊತ್ತಿಲ್ಲ. ಆರೂ ತುಂಬದೆ ಮುಂದೆ ಹೋಗಬೇಡಿ. ಯಾವುದಾದ್ರೂ ಖಾಲಿ ಉಳಿದ್ರೆ ಪೇಪರ್‌ಗೆ ವಾಪಸ್, ಅಲ್ಲೂ ಸಿಗದಿದ್ರೆ ಐದನೇ ಹಂತದಲ್ಲಿ ಕೇಳೋ ಮೊದಲ ಪ್ರಶ್ನೆ ಅದು.

"ಯಾವುದರ ಮೇಲೆ" ಅನ್ನೋ ಜಾಗದ ಬಗ್ಗೆ ನಂದೊಂದು ಕಥೆ ಇದೆ. ಸುಮಾರು ವರ್ಷದ ಹಿಂದೆ ಒಂದು ಸಸ್ಯದ ರಸ ಶುಗರ್ ಇಳಿಸುತ್ತೆ ಅನ್ನೋ ಸುದ್ದಿ ಬರೆದಿದ್ದೆ. ಪ್ರಯೋಗ ನಡೆದಿದ್ದು ಇಲಿಗಳ ಮೇಲೆ, ಅದನ್ನ ನಾನು ಬರೆದೂ ಇದ್ದೆ, ಆದ್ರೆ ಆರನೇ ಪ್ಯಾರಾದಲ್ಲಿ. ಅವತ್ತು ರಾತ್ರಿ ಜಾಹೀರಾತು ಬಂತು ಅಂತ ಡೆಸ್ಕ್‌ನವರು ಕೆಳಗಿಂದ ಎರಡು ಪ್ಯಾರಾ ಕತ್ತರಿಸಿದ್ರು, ಅವರು ಮಾಡಿದ್ದು ಅವರ ಕೆಲಸ, ಇಲಿ ಹೋಯ್ತು, ಮನುಷ್ಯ ಉಳ್ಕೊಂಡ. ವಾರ ಕಳೆದು ನಮ್ಮ ದೊಡ್ಡಪ್ಪನೇ ಫೋನ್ ಮಾಡಿ, ಮಾತ್ರೆ ಬಿಟ್ಟು ಅದರ ಕಷಾಯ ಕುಡೀತಾ ಇದೀನಿ ಕಣೋ, ನೀನೇ ಬರೆದಿದ್ಯಲ್ಲ ಅಂದ್ರು. ಅವತ್ತಿಂದ ಇಲಿ ಅಂದ್ರೆ ಮೊದಲ ಪ್ಯಾರಾದಲ್ಲಿ ಇಲಿ, ಲ್ಯಾಬ್ ತಟ್ಟೆಯ ಜೀವಕೋಶ ಅಂದ್ರೆ ಮೊದಲ ಪ್ಯಾರಾದಲ್ಲಿ ಲ್ಯಾಬ್ ತಟ್ಟೆ. ಸುದ್ದಿಯನ್ನ ಕತ್ತರಿಸೋದು ಕೆಳಗಿಂದ, ಇದನ್ನ ಮರೀಬೇಡಿ.

ಹಂತ 4: ಸಂಖ್ಯೆಗಳನ್ನ ಕೈಯಲ್ಲಿ ಲೆಕ್ಕ ಹಾಕಿ

ಇಲ್ಲಿ ನಿಧಾನ ಮಾಡಿ. ಬಂದ ಡ್ರಾಫ್ಟ್‌ಗಳಲ್ಲಿ ಅರ್ಧಕ್ಕರ್ಧ ಕೆಂಪು ಗೆರೆ ಬೀಳೋದು ಇಲ್ಲೇ.

ಶೇಕಡಾವಾರು ಏರಿಕೆ ಕಂಡ ತಕ್ಷಣ "ಯಾವುದರ ಶೇಕಡಾ" ಅಂತ ಕೇಳಿ. ಸುಮ್ನೆ ಲೆಕ್ಕಕ್ಕೆ ಅಂತ ತಗೊಳ್ಳಿ, ಸಾವಿರ ಜನರಲ್ಲಿ 2 ಜನಕ್ಕೆ ಬರ್ತಿದ್ದ ಕಾಯಿಲೆ 3 ಜನಕ್ಕೆ ಬಂದ್ರೆ ಅದು 50% ಏರಿಕೆ, ಹೆಡ್‌ಲೈನ್‌ಗೆ ಭಯಂಕರ ಚೆನ್ನಾಗಿರುತ್ತೆ, ಆದ್ರೆ ಸಾವಿರಕ್ಕೆ ಒಬ್ಬರು ಹೆಚ್ಚಾದ್ರು ಅಷ್ಟೇ. ಎರಡನ್ನೂ ಬರೀರಿ, ಜನರ ಲೆಕ್ಕ ಮೊದಲು. ಹಾಗೇ ಮಂಗನ ಕಾಯಿಲೆಯಲ್ಲಿ ಸಾವಿನ ಪ್ರಮಾಣ 3ರಿಂದ 5% ಅಂತಾರೆ, ಅದು ಕಾಯಿಲೆ ಬಂದವರಲ್ಲಿ, ಊರಿನ ಜನಸಂಖ್ಯೆಯಲ್ಲಿ ಅಲ್ಲ. "ಬಂದವರಲ್ಲಿ" ಅನ್ನೋ ಒಂದು ಪದ ಬಿಟ್ರೆ ಇಡೀ ಊರು ಗಾಬರಿ ಬೀಳುತ್ತೆ.

ಮಳೆ ಸುದ್ದಿ ನಮ್ಮಲ್ಲಿ ಎಲ್ಲಾರೂ ಬರೀತಾರೆ, ಅದರಲ್ಲೂ ಎಡವಟ್ಟು. ಹವಾಮಾನ ಇಲಾಖೆಯ ಒಂದು ದಿನ ಅಂದ್ರೆ ಬೆಳಿಗ್ಗೆ 8:30ರಿಂದ ಮರುದಿನ 8:30, ನಮ್ಮ ಕ್ಯಾಲೆಂಡರ್ ದಿನ ಅಲ್ಲ, ಹಾಗಾಗಿ "ಮಂಗಳವಾರ ಇಷ್ಟು ಮಳೆ" ಅಂತ ಬರೆಯೋ ಮುಂಚೆ ಯಾವ 24 ಗಂಟೆ ಅಂತ ನೋಡಿ. "ಭಾರಿ", "ಅತಿ ಭಾರಿ" ಇವು ವರ್ಣನೆ ಅಲ್ಲ, ಅಳತೆ: 64.5ರಿಂದ 115.5 ಮಿ.ಮೀ. ಭಾರಿ, 204.4ರ ತನಕ ಅತಿ ಭಾರಿ, ಅದರ ಮೇಲೆ ಅತ್ಯಂತ ಭಾರಿ. ಜಿಲ್ಲೆಯ ಸರಾಸರಿ ಅಂತೂ ಶಿವಮೊಗ್ಗದಲ್ಲಿ ಏನೂ ಹೇಳಲ್ಲ, ಆಗುಂಬೆ ಹುಲಿಕಲ್ ಕಡೆ ಛತ್ರಿ ಮುರೀತಿರೋ ದಿನ ಶಿಕಾರಿಪುರದಲ್ಲಿ ಬಟ್ಟೆ ಒಣಗ್ತಿರುತ್ತೆ. ತಾಲ್ಲೂಕು ಬರೀರಿ, ಸಾಧ್ಯ ಆದ್ರೆ ಮಾಪನ ಕೇಂದ್ರದ ಹೆಸರೇ ಬರೀರಿ.

ಓದೋರಿಗೆ ಅಂಕಿ ಮುಟ್ಟಬೇಕು ಅಂದ್ರೆ ಮನೆಗೆ ತನ್ನಿ. 1 ಮಿ.ಮೀ. ಮಳೆ ಅಂದ್ರೆ ಒಂದು ಚದರ ಮೀಟರ್ ಮೇಲೆ 1 ಲೀಟರ್ ನೀರು. 1000 ಚದರ ಅಡಿ ಮಾಡಿನ ಮೇಲೆ 204 ಮಿ.ಮೀ. ಬಿದ್ರೆ ಹತ್ತಿರ ಹತ್ತಿರ 19 ಸಾವಿರ ಲೀಟರ್. ಹೆಂಚಿನ ಮನೆಯವರಿಗೆ ಇದು ತಕ್ಷಣ ಗೊತ್ತಾಗುತ್ತೆ.

ಇನ್ನು ಅಡಿಕೆ. ಇದರ ಬಗ್ಗೆ ಬರೆಯೋವಾಗ ನಮ್ಮೂರಲ್ಲಿ ಎರಡೂ ಕಡೆ ಜಾರ್ತೀವಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನ ಒಂದನೇ ಗುಂಪಿಗೆ (ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅನ್ನೋಕೆ ಸಾಕಷ್ಟು ಪುರಾವೆ ಇರೋ ಗುಂಪು) ಹಾಕಿದೆ, ತಂಬಾಕು, ಮದ್ಯ, ಬಿಸಿಲಿನ ಕಿರಣ ಕೂಡ ಇರೋದು ಅದೇ ಗುಂಪಲ್ಲಿ. ಕೆಲವರು "ಅಡಿಕೆ ಸಿಗರೇಟಿನಷ್ಟೇ ಅಪಾಯ" ಅಂತ ಬರೀತಾರೆ, ಅದು ತಪ್ಪು, ಗುಂಪು ಹೇಳೋದು ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ಇನ್ನು ಕೆಲವರು ತೋಟದ ಮನೆಯವರು, ಪಾಪ, ಗುಂಪಿನ ಮಾತನ್ನೇ ನುಂಗಿಹಾಕ್ತಾರೆ. ಅದೂ ತಪ್ಪು, ಮೊದಲನೇದಕ್ಕಿಂತ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಪುರಾವೆ ಗಟ್ಟಿ ಇದೆ ಅಂತ ಬರೀರಿ, ಎಷ್ಟು ತಿಂದ್ರೆ ಎಷ್ಟು ಅಪಾಯ ಅನ್ನೋದು ಬೇರೆ ಪ್ರಶ್ನೆ ಅಂತಾನೂ ಬರೀರಿ.

ಹಂತ 5: ಫೋನ್ ಮಾಡಿ, ಕನಿಷ್ಠ ಇಬ್ಬರಿಗೆ

ಮೊದಲನೇ ಫೋನ್ ಪೇಪರ್ ಬರೆದವರಿಗೆ. "ನಿಮ್ಮ ಸಂಶೋಧನೆಯ ಮಹತ್ವ ಏನು ಸರ್" ಅಂತ ಕೇಳಿದ್ರೆ ಭಾಷಣ ಬರುತ್ತೆ, ಸುದ್ದಿ ಬರಲ್ಲ. ಇವನ್ನ ಕೇಳಿ: ನಿಮಗೇ ಆಶ್ಚರ್ಯ ಆಗಿದ್ದು ಯಾವುದು ಮೇಡಂ? ಜನ ಇದನ್ನ ಹೇಗೆ ತಪ್ಪು ತಿಳ್ಕೊಬಹುದು? ಏನು ಸಿಕ್ಕಿದ್ರೆ ನಿಮ್ಮ ತೀರ್ಮಾನ ತಪ್ಪು ಅಂತ ಒಪ್ಕೊಳ್ತೀರ? ಕೊನೇದಕ್ಕೆ ಕೆಲವರು ಮುಖ ಸಿಂಡರಿಸಬಹುದು, ಒಳ್ಳೇ ವಿಜ್ಞಾನಿಗಳು ಅದಕ್ಕೇ ಜಾಸ್ತಿ ಹೊತ್ತು ಉತ್ತರ ಕೊಡ್ತಾರೆ.

ಎರಡನೇ ಫೋನ್ ಆ ಪೇಪರ್‌ಗೆ ಸಂಬಂಧ ಇಲ್ಲದ, ಆದ್ರೆ ಅದೇ ವಿಷಯ ಗೊತ್ತಿರೋರಿಗೆ. ಯಾರು ಸಿಗ್ತಾರೆ ಅಂತ ತಲೆ ಕೆಡಿಸ್ಕೊಬೇಡಿ, ಪೇಪರ್ ಕೊನೆಯಲ್ಲಿರೋ ಉಲ್ಲೇಖಗಳ ಪಟ್ಟಿಯಲ್ಲೇ ಹೆಸರುಗಳಿರ್ತವೆ, ಇಲ್ಲೇ ಬೇಕಂದ್ರೆ ಶಂಕರಘಟ್ಟದ ಕುವೆಂಪು ವಿವಿ ಇದೆ, ಇರುವಕ್ಕಿಯ ಕೃಷಿ ತೋಟಗಾರಿಕೆ ವಿವಿ ಇದೆ. ಪೇಪರ್ ಕಳಿಸಿ, ಒಂದು ದಿನ ಟೈಮ್ ಕೊಟ್ಟು ಕೇಳಿ. ಅವರು "ಪರವಾಗಿಲ್ಲ, ಆದ್ರೆ..." ಅಂತ ಶುರು ಮಾಡಿದ್ರೆ ಪೆನ್ನು ತಗೊಳ್ಳಿ, ಆ "ಆದ್ರೆ" ನಂತರದ್ದೇ ನಿಮ್ಮ ನಾಲ್ಕನೇ ಪ್ಯಾರಾ.

ಮೂರನೇದು ಫೋನ್ ಅಲ್ಲ, ಸ್ಥಳಕ್ಕೆ ಹೋಗೋದು: ಆಶಾ ಕಾರ್ಯಕರ್ತೆ, ತೋಟದ ಯಜಮಾನ, ದರಗು (ಉದುರಿದ ಒಣ ಎಲೆ) ಗುಡಿಸೋಕೆ ಕಾಡಿಗೆ ಹೋಗೋರು. ಇವರ ಅನುಭವ ಸುದ್ದಿಗೆ ಜೀವ ಕೊಡುತ್ತೆ, ಆದ್ರೆ ಅದನ್ನ ಪುರಾವೆ ಅಂತ ಬಳಸಬೇಡಿ. "ನಮ್ಮ ತೋಟದಲ್ಲಿ ಈ ಔಷಧಿ ಹೊಡೆದ್ರೆ ಅಡಿಕೆಯ ಕೊಳೆ ರೋಗ ನಿಂತೋಯ್ತು" ಅಂದ್ರೆ ಆ ವರ್ಷ ಮಳೆ ಎಷ್ಟಿತ್ತು ಅಂತ ಯಾರೂ ಹೇಳಲ್ಲ.

ಪೂರ್ತಿ ಡ್ರಾಫ್ಟ್ ಯಾರಿಗೂ ಕಳಿಸಬೇಡಿ. ಅವರ ಮಾತು, ನೀವು ವಿವರಿಸಿರೋ ಕಷ್ಟದ ಪ್ಯಾರಾ ಇಷ್ಟನ್ನ ಫೋನಲ್ಲಿ ಓದಿ ಹೇಳಿ ಸಾಕು.

ಹಂತ 6: ಈಗ ಬರೀರಿ

ಮೊದಲ ಸಾಲು "ಪಶ್ಚಿಮ ಘಟ್ಟವು ಜೀವವೈವಿಧ್ಯದ ತವರಾಗಿದ್ದು" ಅಂತ ಶುರುವಾದ್ರೆ ಅಳಿಸಿ. ಅದು ಓದುಗರಿಗೆ ಗೊತ್ತು, ಅವರು ಇರೋದೇ ಅಲ್ಲಿ. ಕಾಳಿಂಗದ ಸುದ್ದಿ ನಾನಾದ್ರೆ ಹೀಗೆ ಶುರು ಮಾಡ್ತೀನಿ:

"ಆಗುಂಬೆಯ ಕಾಡಿನಲ್ಲಿ ಕಾಣುವ ಕಾಳಿಂಗ ಸರ್ಪವೂ ಈಶಾನ್ಯ ಭಾರತದ ಕಾಳಿಂಗವೂ ಒಂದೇ ಪ್ರಭೇದವಲ್ಲ. ಈವರೆಗೆ ಒಂದೇ ಎಂದು ಎಣಿಸಿದ್ದ ಹಾವನ್ನು ವಿಜ್ಞಾನಿಗಳು ಮೈಪಟ್ಟೆ, ದೇಹ ರಚನೆಗಳ ಆಧಾರದಲ್ಲಿ ನಾಲ್ಕಾಗಿ ವಿಂಗಡಿಸಿದ್ದು, ಪಶ್ಚಿಮ ಘಟ್ಟದ ಹಾವಿಗೆ ಕನ್ನಡದ 'ಕಾಳಿಂಗ' ಹೆಸರೇ ಸಿಕ್ಕಿದೆ."

ಎರಡನೇ ಪ್ಯಾರಾದಲ್ಲಿ ಹೇಗೆ ಗೊತ್ತಾಯ್ತು, ಎಲ್ಲಿ ಯಾವಾಗ ಪ್ರಕಟ ಆಯ್ತು. ಮೂರರಲ್ಲಿ ಓದೋರಿಗೆ ಇದರಿಂದ ಏನು. ನಾಲ್ಕರಲ್ಲಿ ಹೊರಗಿನ ವಿಜ್ಞಾನಿಯ ಮಾತು. ಹಿನ್ನೆಲೆ ಎಲ್ಲ ಆಮೇಲೆ, ಕತ್ತರಿ ಬಿದ್ರೆ ಬೀಳಲಿ.

ಮೂರನೇ ಪ್ಯಾರಾದಲ್ಲಿ ಆಸೆ ಹುಟ್ಟಿಸೋ ಚಟ ಇದೆ. ಇದೇ ಹಾವಿನ ವಿಷಯದಲ್ಲಿ "ಇನ್ನು ಕಾಳಿಂಗ ಕಡಿತಕ್ಕೆ ಔಷಧ" ಅಂತ ಬರೆದವರಿದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿ ಕೊಡೋ ಪ್ರತಿವಿಷ ತಯಾರಾಗೋದು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ, ಕಾಳಿಂಗ ಅದರಲ್ಲಿ ಇಲ್ಲ. ಆ ಮಾಹಿತಿ ಬರೆದ್ರೆ ಓದುಗರಿಗೆ ಉಪಯೋಗ. ಹಾವನ್ನ ವಿಂಗಡಿಸಿದ ಪೇಪರ್‌ನಿಂದ ಔಷಧಿ ಬಾಟಲಿ ಹೊರಗೆ ಬರಲ್ಲ.

ಪದಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಆ್ಯಪ್‌ನಲ್ಲಿ ಅನುವಾದ ಮಾಡಿ ಹಾಗೇ ಅಂಟಿಸಿದ ಡ್ರಾಫ್ಟ್ ಒಂದರಲ್ಲಿ ಮಂಗನ ಕಾಯಿಲೆಯ ವೈರಸ್ "ಜಲಾಶಯಗಳಲ್ಲಿ ವಾಸಿಸುತ್ತದೆ" ಅಂತಿತ್ತು. ರಿಸರ್ವಾಯರ್ ಅಂದ್ರೆ ಇಲ್ಲಿ ವೈರಸ್ ಉಳ್ಕೊಂಡಿರೋ ಪ್ರಾಣಿಗಳು. ಶರಾವತಿ ಹಿನ್ನೀರಿನ ಪಕ್ಕ ಇರೋರು ಅದನ್ನ ಓದಿದ್ರೆ ಗತಿ ಏನು! ಅದೇ ಡ್ರಾಫ್ಟ್‌ನಲ್ಲಿ ಉಣುಗಿನ (ರಕ್ತ ಹೀರೋ ಉಣ್ಣೆ) ಮರಿಹಂತ, ಅಂದ್ರೆ ನಿಂಫ್, "ಅಪ್ಸರೆ" ಆಗಿತ್ತು. ನಕ್ಕು ಸಾಕಾಯ್ತು, ಆದ್ರೆ ಮನುಷ್ಯರಿಗೆ ಕಾಯಿಲೆ ದಾಟಿಸೋದ್ರಲ್ಲಿ ಆ ಮರಿಹಂತದ್ದೇ ದೊಡ್ಡ ಪಾಲು, ಸುದ್ದಿಯ ಜೀವಾಳವೇ ಅಲ್ಲಿ ಹೋಯ್ತು. ನಮ್ಮಲ್ಲಿ ಉಣುಗು ಅಂತಾರೆ, ಅದನ್ನೇ ಬರೀರಿ. ಸಿಗ್ನಿಫಿಕೆಂಟ್ ಅನ್ನೋದು ಅಂಕಿಅಂಶದ ಮಾತಾಗಿ ಬಂದಿದ್ರೆ "ಮಹತ್ವದ" ಅಂತ ಬರೆಯಬೇಡಿ, ಆ ವ್ಯತ್ಯಾಸ ಬರೀ ಆಕಸ್ಮಿಕ ಅನ್ನೋಕೆ ಕಷ್ಟ ಅಂತಷ್ಟೇ ಅದರ ಅರ್ಥ, ವ್ಯತ್ಯಾಸ ಕಡ್ಲೆಕಾಳಿನಷ್ಟು ಇದ್ರೂ ಆ ಪದ ಬರಬಹುದು. ಕನ್ನಡದಲ್ಲಿ ಬಾಯಿಗೆ ಬರದ ಪದ ಇದ್ರೆ ಕಷ್ಟಪಟ್ಟು ಸಂಸ್ಕೃತ ಕಟ್ಟಬೇಡಿ. ಡಿಎನ್‌ಎ ಡಿಎನ್‌ಎ ಆಗಿಯೇ ಇರಲಿ.

ಹಂತ 7: ಹೆಡ್‌ಲೈನ್ ನೀವೇ ಕೊಡಿ

ನೀವು ಕೊಡದಿದ್ರೆ ರಾತ್ರಿ ಹತ್ತು ಗಂಟೆಗೆ ಸುಸ್ತಾಗಿರೋರು ಯಾರೋ ಕೊಡ್ತಾರೆ. ಮೂರು ಬರೆದು ಕಳಿಸಿ. ಮೊದಲ ಪ್ಯಾರಾದಲ್ಲಿ ಇಲ್ಲದ್ದು ಹೆಡ್‌ಲೈನ್‌ನಲ್ಲಿ ಇರಬಾರದು. "ಪತ್ತೆ", "ರಾಮಬಾಣ", "ಕ್ರಾಂತಿ", "ಬೆಚ್ಚಿಬಿದ್ದ ವಿಜ್ಞಾನಿಗಳು" ಇವು ಬಂದ್ರೆ ಬೇರೆ ಬರೀರಿ. ಪ್ರಶ್ನಾರ್ಥಕ ಚಿಹ್ನೆ ಹಾಕಿ ತಪ್ಪಿಸ್ಕೊಳ್ಳೋದೂ ಬೇಡ. "ಕಾಳಿಂಗ ಒಂದಲ್ಲ, ನಾಲ್ಕು" ಅಂದ್ರೆ ಚಿಕ್ಕದೂ ಆಯ್ತು ನಿಜಾನೂ ಆಯ್ತು.

ಹಂತ 8: ಕೆಂಪು ಪೆನ್ನು

ಪ್ರಿಂಟ್ ತೆಗೆದು ಪ್ರತಿ ಅಂಕಿ, ಪ್ರತಿ ಹೆಸರು, ಪ್ರತಿ "ಮೊದಲ ಬಾರಿಗೆ" ಅನ್ನೋದರ ಕೆಳಗೆ ಗೆರೆ ಹಾಕಿ, ಪಕ್ಕದಲ್ಲಿ ಅದು ಪೇಪರ್‌ನ ಯಾವ ಪುಟದಲ್ಲಿದೆ ಅಂತ ಬರೀರಿ. ಪುಟ ಸಿಗದ ಸಾಲು ಹೋಗಬೇಕು. ಮಿಲಿಯನ್ ಅಂದ್ರೆ 10 ಲಕ್ಷ, ಬಿಲಿಯನ್ ಅಂದ್ರೆ 100 ಕೋಟಿ, ಇದನ್ನ ಬಾಯಿಪಾಠ ಇದೆ ಅಂದುಕೊಂಡೋರೇ ತಪ್ಪು ಮಾಡೋದು. ಆಮೇಲೆ ವಿಜ್ಞಾನ ಓದದೇ ಇರೋ ಒಬ್ಬರಿಗೆ ಜಗಲಿ ಮೇಲೆ ಕೂರಿಸಿ ಓದಿ ಹೇಳಿ, ನಾನು ನಮ್ಮ ಅತ್ತೆಗೆ ಓದ್ತೀನಿ. "ಹಂಗಾದ್ರೆ ನಾವು ಎಂತ ಮಾಡ್ಬೇಕು" ಅಂತ ಅವರು ಕೇಳಿದ್ರೆ, ಅದಕ್ಕೆ ಸುದ್ದಿಯಲ್ಲಿ ಉತ್ತರ ಇರಬೇಕು, "ಸದ್ಯಕ್ಕೆ ಏನೂ ಮಾಡೋದು ಬೇಡ" ಅನ್ನೋದೂ ಉತ್ತರಾನೇ.

ಬಿಟ್ಟುಬಿಡಬೇಕಾದ ಸುದ್ದಿಗಳು

ಪೇಪರ್ ಕೇಳಿದ್ರೆ ಕೊಡದೆ ಬರೀ ಪತ್ರಿಕಾಗೋಷ್ಠಿ ಮಾಡೋರು, ಸಂಶೋಧನೆಗಿಂತ ಮೊದಲು ಪ್ರಾಡಕ್ಟ್‌ನ ರೇಟ್ ಹೇಳೋರು, ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲದೆ "ಎಲ್ಲರಿಗೂ ವಾಸಿ ಆಯ್ತು" ಅನ್ನೋರು. ಹೊರಗಿನ ಇಬ್ಬರು ವಿಜ್ಞಾನಿಗಳು ಪೇಪರ್ ಓದಿದ ಮೇಲೆ ಮಾತಾಡೋಕೆ ಹಿಂದೇಟು ಹಾಕಿದ್ರೆ ಅದೂ ಒಂದು ಸೂಚನೆ. ಎರಡು ದಿನ ಕೆಲಸ ಮಾಡಿದೀನಲ್ಲ ಅಂತ ಹೊಟ್ಟೆ ಉರಿಯುತ್ತೆ, ಗೊತ್ತು. ನೋಟ್ಸ್ ಇಟ್ಕೊಳ್ಳಿ, ಸುದ್ದಿ ಬಿಡಿ.

ಅಚ್ಚಾದ ಮೇಲೆ

ತಪ್ಪು ಕಂಡ್ರೆ ಅವತ್ತೇ ಡೆಸ್ಕ್‌ಗೆ ಹೇಳಿ, ತಿದ್ದುಪಡಿಯಲ್ಲಿ ಹಳೇದು ಏನಿತ್ತು ಹೊಸದು ಏನು ಅಂತ ಎರಡೂ ಬರೀರಿ. ಪ್ರಿಂಟೌಟ್, ರೆಕಾರ್ಡಿಂಗ್, ಗೆರೆ ಹಾಕಿದ ಡ್ರಾಫ್ಟ್ ಮೂರನ್ನೂ ಒಂದು ಫೈಲಿಗೆ ಹಾಕಿ ವಿಷಯದ ಹೆಸರು ಬರೆದಿಡಿ. ಮಂಗನ ಕಾಯಿಲೆ ಫೈಲ್ ಮೇಲುಗಡೆ ಇರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ಡಿಸೆಂಬರ್‌ನಿಂದ ಮೇ ತನಕ ಅದರ ಸೀಸನ್, ಮೊದಲ ಮಂಗ ಸತ್ತ ಸುದ್ದಿ ಬಂದ ದಿನ ಹುಡುಕ್ತಾ ಕೂರೋಕೆ ಟೈಮ್ ಇರಲ್ಲ. ಫೈಲ್‌ನ ಮೊದಲ ಹಾಳೆಯಲ್ಲೇ ದೊಡ್ಡದಾಗಿ ಬರೆದಿಟ್ಕೊಳ್ಳಿ: ದಾಟಿಸೋದು ಉಣುಗು, ಮಂಗವೂ ರೋಗಿಯೇ, ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡಿಲ್ಲ.